ಚಕ್ಕಡಿ ಏರಿದ ದೋಣಿ

ಹಗ್ಗ ಹರಿಯಬಹುದಿತ್ತು. ಹಗ್ಗ ಹರಿಯದಿದ್ದರೆ ಗಂಟು ಬಿಚ್ಚಬಹುದಿತ್ತು. ಗಂಟೂ ಗಟ್ಟಿಯಾಗಿ ನಿಂತರೆ ಚಕ್ಕಡಿಯ ಗಾಲಿ ಉಸುಕಿನಲ್ಲಿ ಹೂತು, ಎತ್ತುಗಳು ಮೊಣಕಾಲೂರಿ, ಅಚ್ಚು ಮುರಿಯಬಹುದಿತ್ತು. ದೋಣಿಯ ಭಾರ ಹಿಂದಕ್ಕೆ ಬಿದ್ದು ನೊಗ ಮೇಲೆದ್ದು ಎತ್ತುಗಳ ಕೊರಳಿಗೆ ಉರುಲಾಗಬಹುದಿತ್ತು. ಮುಂದಕ್ಕೆ ಬಿದ್ದರೆ ಅದೇ ನೊಗ ಅವುಗಳ ಹೆಗಲು ಮುರಿಯಬಹುದಿತ್ತು. ಅಕಾಲದ ಮಳೆ ಬರಬಹುದಿತ್ತು. ಮಳೆ ಬರದೆ ಬಿಸಿಲು ಬಿದ್ದು ಹಲಗೆ ಸೀಳಬಹುದಿತ್ತು. ಎತ್ತುವವರಲ್ಲಿ ಒಬ್ಬರ ಕಾಲ್ಬೆರಳು ಜಜ್ಜಬಹುದಿತ್ತು, ಬಹುಶಃ ನನ್ನದೇ. ಸರಿಯಾಗಿ ಅದೇ ಹೊತ್ತಿಗೆ ಸಾಹೇಬರ ಜೀಪು ಬಂದು ನಿಲ್ಲಬಹುದಿತ್ತು. ದೋಣಿಯ ಅಡಿಯಲ್ಲಿ ಹಾವಿರಬಹುದಿತ್ತು.

ಇಂಥವು ಇಪ್ಪತ್ತೊಂದು. ಹಾವು ಹದಿನೇಳನೆಯದು. ನಾನೇ ಬರೆದದ್ದು, ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಕಚೇರಿಯ ಒಂದು ಅರ್ಜಿಯ ನಕಲು ಪ್ರತಿಯ ಬೆನ್ನಿಗೆ. ಇವತ್ತು ಅದು ಮತ್ತೆ ನನ್ನ ಕೈಗೆ ಬಂತು.

ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ಈಗ ನಾವಿರುವುದು ಶಿಗ್ಗಾಂವದಲ್ಲಿ, ಒಂದು ಕಾಳಿನ ಅಂಗಡಿಯ ಪಕ್ಕದ ಮನೆಯಲ್ಲಿ. ನಿನ್ನೆ ಸಂಜೆ ಮಳೆ ಹೊಡೆದು ಅಂಗಡಿಯವರ ಖಾಲಿ ಚೀಲಗಳೆಲ್ಲ ತೊಯ್ದವು. ಇವತ್ತು ಬೆಳಿಗ್ಗೆ ಅವರು ಅವನ್ನು ನಮ್ಮ ಗೋಡೆಯ ಮೇಲೆ ಒಣಗಲು ಹರವಿದರು. ತೊಯ್ದ ಗೋಣಿತಟ್ಟಿನ ವಾಸನೆ ನಿಮಗೆ ಗೊತ್ತಿರಬೇಕು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಒಮ್ಮೆ ಮೂಗಿಗೆ ಬಂದರೆ ಊಟ ಮುಗಿಯುವ ತನಕ ಬಿಡುವುದಿಲ್ಲ. ನನಗೆ ಆ ವಾಸನೆ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಏನಾದರೂ ಪರೀಕ್ಷಿಸಬೇಕೆನಿಸುತ್ತದೆ. ಮಾಡಿನಿಂದ ನೀರು ಇಳಿದು ಟ್ರಂಕಿನೊಳಗೆ ಹೋಗಿದೆಯೇ ಎಂದು ನೋಡಲು ಕೂತೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ನಿಮ್ಮ ಚಿಂತೆಗಳನ್ನೆಲ್ಲ ಮಡಚಿ ಇಟ್ಟರೆ ಇನ್ನೂ ನಾಲ್ಕು ಟ್ರಂಕು ಬೇಕಾಗುತ್ತವೆ ಎಂದು ಹೇಳಿ ಒಳಗೆ ಹೋದಳು. ಟ್ರಂಕಿಗೆ ನೀರು ಹೋಗಿರಲಿಲ್ಲ. ಆ ಕಾಗದ ಮಾತ್ರ ತಳದಲ್ಲಿ ಇತ್ತು.

ಚಿಂತೆ ನಮ್ಮ ಮನೆತನಕ್ಕೆ ಬಂದದ್ದು ಅವ್ವನಿಂದ. ಅವಳು ಬಾಗಿಲು ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ಹಿಂದಿರುಗಿ ಚಿಲಕ ಮುಟ್ಟಿ ನೋಡುತ್ತಿದ್ದಳು. ನಾನು ಅದನ್ನು ಸುಧಾರಿಸಿದೆ: ಚಿಲಕ ಮುಟ್ಟಿದ ಮೇಲೆ, ಮುಟ್ಟಿದಾಗ ಬಿಚ್ಚಿಕೊಂಡಿತೇನೋ ಎಂದು ಮತ್ತೊಮ್ಮೆ ಹಿಂದಿರುಗುತ್ತೇನೆ. ಇಂಥ ಮನುಷ್ಯ ಚಿಕ್ಕವನಿದ್ದಾಗ ದಿನಾ ಎರಡು ಸಲ ನದಿ ದಾಟಬೇಕಾಗಿತ್ತು ಎಂದರೆ ನೀವು ಮರುಕಪಡಬೇಕು.

ನಮ್ಮ ಹಳ್ಳಿ ಆಡೂರಿನ ಕಡೆ, ವರದಾ ನದಿಯ ದಂಡೆಗೆ. ಸಾಲೆ ಆಚೆ ದಂಡೆಗೆ. ನಡುವೆ ಒಂದು ಮರದ ದೋಣಿ, ಹತ್ತು ಜನ ಹಿಡಿಯುವಂಥದ್ದು, ದೋಣಿಯಲ್ಲಿ ದುರಗಪ್ಪ. ಅಂಬಿಗರ ದುರಗಪ್ಪನಿಗೆ ಊರ ಮಕ್ಕಳೆಲ್ಲ ಕಾಕಾ ಅನ್ನುತ್ತಿದ್ದರು. ತೆಳ್ಳಗಿನ ಉದ್ದನೆಯ ಮನುಷ್ಯ, ದವಡೆಯಲ್ಲಿ ಯಾವಾಗಲೂ ತಂಬಾಕು, ಹಾಗಾಗಿ ಮಾತು ಕಡಿಮೆ. ದೋಣಿಯ ತಳದಲ್ಲಿ ಸದಾ ನಾಲ್ಕು ಬೆರಳು ನೀರು ನಿಂತಿರುತ್ತಿತ್ತು. ಅದನ್ನು ಚೆಲ್ಲಲು ಒಂದು ತಗಡಿನ ಡಬ್ಬಿ. ನಾನು ಆ ನೀರನ್ನೇ ನೋಡುತ್ತ ದಿನಾ ಕೇಳುತ್ತಿದ್ದೆ:

"ಕಾಕಾ, ಇದು ಮುಳುಗೂದಿಲ್ಲ ಹೌದಿಲ್ಲೋ?"

"ಮುಳುಗಿದ್ರ ಹೇಳ್ತೇನಿ. ಸುಮ್ನ ಕುಂದ್ರು ತಮ್ಮಾ."

ಏಳು ವರ್ಷ ನಾನು ಕೇಳಿದೆ, ಏಳು ವರ್ಷ ಅವನು ಅದನ್ನೇ ಹೇಳಿದ. ಆಶ್ಚರ್ಯವೆಂದರೆ ಆ ಉತ್ತರದಿಂದ ನನಗೆ ಸಮಾಧಾನವಾಗುತ್ತಿತ್ತು. ಮುಳುಗುವುದಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಮುಳುಗುವುದನ್ನು ಮೊದಲೇ ತಿಳಿದು ನನಗೆ ಹೇಳುವವನೊಬ್ಬ ದೋಣಿಯಲ್ಲಿದ್ದಾನೆ ಎಂದರೆ ಅರ್ಧ ಚಿಂತೆ ಅವನದಾಯಿತಲ್ಲ.

ಮುಂದೆ ನಾನು ಓದಿ, ಕೆರೆಗಳ ಉಸ್ತುವಾರಿ ನೋಡುವ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಅಂದಿನಿಂದ ಕಾಕಾ ನನ್ನನ್ನು ಸಾಹೇಬ್ರ ಎಂದು ಕರೆಯತೊಡಗಿದ. ಚೇಷ್ಟೆಗೆ ಶುರುವಾದದ್ದು ರೂಢಿಯಾಗಿ ಉಳಿಯಿತು. ಬೇಡ ಅಂದರೂ ಬಿಡಲಿಲ್ಲ. ನಾನೂ ಬೇಡ ಎಂದು ಬಹಳ ಸಲ ಹೇಳಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಐವತ್ತರ ದಶಕದ ಕೊನೆಗೆ ನಮ್ಮೂರ ಮುಂದೆ ಸೇತುವೆ ಆಯಿತು. ಮೊದಲ ದಿನ ಊರಿಗೆ ಊರೇ ಅದರ ಮೇಲೆ ಆಚೆ ಹೋಗಿ ಈಚೆ ಬಂತು, ಕೆಲಸವಿಲ್ಲದೆ. ಎರಡನೆಯ ದಿನದಿಂದ ದೋಣಿಯ ಸುದ್ದಿ ಯಾರೂ ಎತ್ತಲಿಲ್ಲ. ಕಾಕಾ ಮಾತ್ರ ದಿನಾ ಬೆಳಿಗ್ಗೆ ಬಂದು ಡಬ್ಬಿಯಿಂದ ನೀರು ಚೆಲ್ಲಿ, ಹುಟ್ಟುಗಳನ್ನು ಒರೆಸಿ, ಕಲ್ಲಿನ ಮೇಲೆ ಕೂಡುತ್ತಿದ್ದ. ದೋಣಿ ಸರಕಾರದ್ದು, ಕಾಕಾ ಸಂಬಳದ ಅಂಬಿಗ; ಅದನ್ನು ಒಡೆದು ಸೌದೆಗೆ ಹಾಕುತ್ತಾರಂತೆ ಎಂಬ ಸುದ್ದಿ ಕಚೇರಿಯಲ್ಲಿ ನನ್ನ ಕಿವಿಗೆ ಬಿತ್ತು. ಹೆಂಡತಿ ತೀರಿಹೋಗಿದ್ದ, ಹೊಲವಿಲ್ಲದ ಆ ಮನುಷ್ಯನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಹಿರೇಕೆರೂರಿನ ಕೆರೆಯಲ್ಲಿ ಜೊಂಡು ಬೆಳೆದು ತೂಬಿನ ತನಕ ಹೋಗಲು ದಾರಿಯಿಲ್ಲ, ದೋಣಿಯೊಂದು ಬೇಕು ಎಂಬ ಕಾಗದ ನನ್ನ ಮೇಜಿಗೇ ಬಂತು. ಜೀವಮಾನದಲ್ಲಿ ಮೊದಲ ಬಾರಿ ನನಗೆ ಚಿಂತೆಯ ಬದಲು ಒಂದು ಉಪಾಯ ಹೊಳೆಯಿತು.

ಅರ್ಜಿ ಬರೆದೆ. ನನ್ನ ಅಕ್ಷರ ಚಂದ ಎಂದು ಕಚೇರಿಯಲ್ಲಿ ಹೆಸರಿತ್ತು. ಯಾವುದೂ ಬಿಟ್ಟುಹೋಗಬಾರದೆಂದು ಸಾಮಾನಿನ ಪಟ್ಟಿಯನ್ನು ಮೂರು ಸಲ ತಿದ್ದಿದೆ. ಮಂಜೂರಾಯಿತು. ಆ ಸಂಜೆ ಊರಿಗೆ ಹೋಗಿ ಕಾಕಾನಿಗೆ ಹೇಳಿದಾಗ ಅವನು ತಂಬಾಕು ಉಗುಳಿ, ಬಾಯಿ ಒರೆಸಿಕೊಂಡು, ಕೆರೆಗೆ ಆಚೆ ದಂಡೆ ಇರುತ್ತದೆಯೇ ಎಂದು ಕೇಳಿದ. ಇರುತ್ತದೆ, ಆದರೆ ಯಾರೂ ದಾಟುವುದಿಲ್ಲ, ಸುತ್ತು ಹಾಕಿ ನಡೆದೇ ಹೋಗುತ್ತಾರೆ ಎಂದೆ. ನೀರಿದ್ದರೆ ಸಾಕು ಎಂದ.

ಉಳಿದದ್ದು ದೋಣಿಯನ್ನು ಚಕ್ಕಡಿಗೆ ಹೇರುವುದು. ಇಪ್ಪತ್ತೊಂದು ಚಿಂತೆಗಳು ಅದಕ್ಕೇ ಸೇರಿದವು.

ಚಕ್ಕಡಿ ಸವಣೂರಿನ ಖಾದರಸಾಬನದು. ಕಾಡಿನಿಂದ ನಾಟಾ ತರುವ ಉದ್ದನೆಯ ಚಕ್ಕಡಿ. ಅದರ ಮೇಲೆ ಉದ್ದಕ್ಕೆ ಎರಡು ತೊಲೆ ಕಟ್ಟಿ, ದೋಣಿಯ ತಳ ಸವೆಯಬಾರದೆಂದು ತೊಲೆಗಳಿಗೆ ಗೋಣಿತಟ್ಟು ಸುತ್ತಿಸಿದ್ದೆ. ಆ ಗೋಣಿತಟ್ಟಿನ ಉಪಾಯ ನನ್ನದೇ, ಆ ದಿನ ನನ್ನದಾಗಿದ್ದ ಒಳ್ಳೆಯ ಉಪಾಯ ಅದೊಂದೇ. ಖಾದರಸಾಬ ತನ್ನೂರಿನ ವೀಳ್ಯದೆಲೆಯ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಟಿ ಕೆಂಪು ಮಾಡಿಕೊಂಡು ಬಂದಿಳಿದ. ಮಳೆಗಾಲ ಮುಗಿದು ನದಿ ಸೊಂಟದ ಮಟ್ಟಕ್ಕೆ ಇಳಿದಿತ್ತು. ಎಂಟು ಜನ ಆಳು. ನಾನು ದಂಡೆಯ ಮೇಲೆ, ಕೈಯಲ್ಲಿ ಕಾಗದ, ಕಿವಿಯಲ್ಲಿ ಪೆನ್ಸಿಲು.

ಮೊದಲು ಚಕ್ಕಡಿಯನ್ನು ದಂಡೆಯ ಮೇಲೆ ನಿಲ್ಲಿಸಿ ದೋಣಿಯನ್ನು ಎತ್ತಿಸಿದೆ. ವರ್ಷಗಟ್ಟಲೆ ನೀರು ಕುಡಿದ ಮರ. ಎಂಟು ಜನ ಮೊಣಕಾಲಿನ ತನಕ ಎತ್ತಿ, ಒಬ್ಬರ ಮುಖ ಒಬ್ಬರು ನೋಡಿ, ಮೆಲ್ಲಗೆ ಕೆಳಗಿಟ್ಟರು. ಆಮೇಲೆ ತುದಿಯನ್ನಷ್ಟೇ ತೊಲೆಯ ಮೇಲಿಟ್ಟು ಹಗ್ಗದಿಂದ ಎಳೆಸಿದೆ. ಒಣ ಗೋಣಿತಟ್ಟು ದೋಣಿಯನ್ನು ಕಚ್ಚಿ ಹಿಡಿಯಿತು. ದೋಣಿ ಬರುವ ಬದಲು ಚಕ್ಕಡಿಯೇ ಅದರ ಮೇಲೆ ಬರತೊಡಗಿತು. ಆಗ ನನಗೆ ನೀರಿನ ನೆನಪಾಗಿ, ಎತ್ತು ಬಿಚ್ಚಿಸಿ, ಚಕ್ಕಡಿಯನ್ನು ಹಿಂದುಹಿಂದಾಗಿ ನದಿಗೆ ತಳ್ಳಿಸಿದೆ. ತೊಲೆಗಳು ಪೂರ್ತಿ ಮುಳುಗಿದವು. ದೋಣಿ ಅವುಗಳ ಮೇಲೆ ಸಲೀಸಾಗಿ ತೇಲಿ ಬಂತು, ಹಾಗೆಯೇ ಸಲೀಸಾಗಿ ಹರಿವಿಗೆ ಹಿಂಭಾಗ ತಿರುವಿ ಚಕ್ಕಡಿಗೆ ಅಡ್ಡಲಾಗಿ ಮಲಗಿತು. ಮೂರು ಸಲ. ಪ್ರತಿ ಸಲವೂ ನಾನು ಕಾಗದ ನೋಡಿ ಯಾವ ನಂಬರಿನ ಚಿಂತೆ ಇದು ಎಂದು ಹುಡುಕುತ್ತಿದ್ದೆ. ಅದು ಪಟ್ಟಿಯಲ್ಲಿ ಇರಲಿಲ್ಲ.

"ಸಾಹೇಬ್ರ, ಆ ಕಾಗದಾ ಇತ್ಲಾಗ ಕೊಡ್ರಿ," ಎಂದ ಖಾದರಸಾಬ. "ಗಾಲಿಗೆ ಅಡ್ಡ ಇಡತೇನಿ. ಒಂದು ಕಲ್ಲು ಉಳೀತೈತಿ."

ಎಂಟು ಜನರೂ ನಕ್ಕರು. ನಾನು ನಗುವವನ ಹಾಗೆ ಮುಖ ಮಾಡಿ ಸುತ್ತ ನೋಡಿದೆ. ಕಾಕಾ ತನ್ನ ಕಲ್ಲಿನ ಮೇಲೆ ಕೂತಿದ್ದ. ಬೆಳಗಿನಿಂದ ಕೂತೇ ಇದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೆಲಸ ನಡೆಸುವವನು ನಾನಾಗಿದ್ದೆನಲ್ಲ. ಹೋಗಿ ಪಕ್ಕದಲ್ಲಿ ಕೂತು, ಏನು ಮಾಡೋಣ ಎಂದೆ.

"ದೋಣಿ ಎತ್ತಬ್ಯಾಡ್ರಿ. ನೀರ ಅದನ್ನ ಎತ್ತಿ ಹಿಡದೈತಲ್ರಿ. ನೀವು ಚಕ್ಕಡೀನ ಅದರ ಕೆಳಗ ತರ್ರಿ, ಸಾಕು."

"ತಂದ್ವಲ್ಲಾ ಕಾಕಾ. ತೇಲಿ ಹೊಕ್ಕೈತಿ."

"ಭಾಳ ಮುಳುಗಿಸಿದ್ರಿ. ಮದ್ಲ ಪೂರಾ ಮುಳುಗಿಸಿ ತಟ್ಟು ತೋಯಿಸ್ರಿ. ಆಮ್ಯಾಲ ಮುಂದ ಜಗ್ರಿ, ತೊಲೀದು ಮುಂದಿನ ತುದಿ ನೀರು ಬಿಟ್ಟು ಮ್ಯಾಲ ಬರೂತನಕ. ನೀರಾಗಿನ ತಟ್ಟಿನ ಮ್ಯಾಲ ಜಾರತೈತಿ. ನೀರು ಬಿಟ್ಟಲ್ಲೆ ನಿಂದ್ರತೈತಿ."

ಅಷ್ಟು ಮಾತನ್ನು ಒಂದೇ ಸಲ ಅವನ ಬಾಯಿಂದ ನಾನು ಕೇಳಿರಲಿಲ್ಲ. ಎದ್ದು ಹೋಗಿ ಎರಡು ಬಿದಿರ ಗಳಗಳನ್ನು ಚಕ್ಕಡಿಯ ಹಿಂದಿನ ಎರಡು ಮೂಲೆಗೆ ನೆಟ್ಟಗೆ ಕಟ್ಟಿದ, ದೋಣಿಯ ಹಿಂಭಾಗ ಹರಿವಿಗೆ ಸರಿಯದಂತೆ. ನಾವು ತೋಯಿಸಿದೆವು, ಮುಂದೆ ಜಗ್ಗಿದೆವು, ನಿಲ್ಲಿಸಿದೆವು. ಕಾಕಾ ದೋಣಿಯ ಮೂತಿಗೆ ಹಗ್ಗ ಕಟ್ಟಿ, ಚಕ್ಕಡಿಯ ಮುಂದೆ ನಿಂತು ಒಬ್ಬನೇ ಎಳೆದ. ಎರಡು ಗಳಗಳ ನಡುವೆ ದೋಣಿ ತನ್ನ ಮನೆಯ ಬಾಗಿಲು ಗೊತ್ತಿರುವ ಎಮ್ಮೆಯ ಹಾಗೆ ನುಗ್ಗಿ, ತೊಲೆಯ ಮೇಲೇರಿ, ಮುಂದಿನ ತುದಿಗೆ ಬಂದು ಗಕ್ಕನೆ ನಿಂತಿತು. ಎಂಟು ಆಳು ಕೈಕಟ್ಟಿ ನೋಡುತ್ತಿದ್ದರು.

"ಇದಕ್ಕ ಒಬ್ಬ ಮನಷ್ಯಾ ಸಾಕ್ರಿ," ಎಂದ ಕಾಕಾ ಹಗ್ಗ ಸುತ್ತುತ್ತ.

ಎತ್ತು ಹೂಡಿ ಚಕ್ಕಡಿಯನ್ನು ದಂಡೆಗೆ ಏರಿಸಿದಾಗ ಭಾರ ಒಂದಿಷ್ಟು ಹಿಂದಕ್ಕೆ ಬಿದ್ದು ನೊಗ ಹಗುರಾಗಿ ಮೇಲೇಳತೊಡಗಿತು. ನನ್ನ ನಾಲ್ಕನೆಯ ಚಿಂತೆ. ನಾನು ಕೂಗುವ ಮೊದಲೇ ಕಾಕಾ ದೋಣಿಯೊಳಗೆ ಹತ್ತಿ ಮೂತಿಯ ಹತ್ತಿರ ಕೂತ. ನೊಗ ಇಳಿದು ಎತ್ತುಗಳ ಹೆಗಲಿಗೆ ಸರಿಯಾಗಿ ಕೂತಿತು. ನಾನು ಸಮಾಧಾನದಿಂದ ನಾಲ್ಕನೆಯ ಚಿಂತೆಯ ಪಕ್ಕದಲ್ಲಿ ಬರೆದುಕೊಂಡೆ: ಭಾರ ಸಮ ಮಾಡಲು ದುರಗಪ್ಪ.

ಎರಡು ಹಗಲು ಅವನು ಹಾಗೆ ಕೂತು ಬಂದ. ಹಾನಗಲ್ಲಿನ ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಹೊರಗೆ ಬಂದರು. ಒಣ ರಸ್ತೆಯ ಮೇಲೆ ಒಂದು ದೋಣಿ, ಅದರಲ್ಲಿ ತಲೆಗೆ ರುಮಾಲು ಸುತ್ತಿ ಹುಟ್ಟು ಹಿಡಿದು ಕೂತ ಮನುಷ್ಯ. ಎಲ್ಲಿಗೆ ಹೊರಟೆ ಎಂದು ಯಾರೋ ಗುರುತಿನವರು ಕೇಳಿದರು. ಆಚೆ ದಂಡೆಗೆ ಎಂದ. ನಾನು ಸೈಕಲ್ಲು ತಳ್ಳುತ್ತ ಹಿಂದೆ ಬರುತ್ತಿದ್ದೆ. ಒಂದೊಂದೇ ಚಿಂತೆಗೆ ಪೆನ್ಸಿಲಿನಿಂದ ಗೀಟು ಹೊಡೆಯುತ್ತಿದ್ದೆ. ಅಷ್ಟು ಸುಖವಾದ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ, ಮಾಡುವುದೂ ಇಲ್ಲ.

ಹಿರೇಕೆರೂರಿನಲ್ಲಿ ದೋಣಿ ಚಕ್ಕಡಿ ಏರಿದ ಹಾಗೆಯೇ ಸಲೀಸಾಗಿ ಇಳಿಯಿತು. ಆದರೆ ಎರಡು ಹಗಲಿನ ಬಿಸಿಲಿಗೆ ಹಲಗೆಗಳ ನಡುವೆ ಬಿರುಕು ಬಿಟ್ಟಿದ್ದವು. ಕಾಕಾ ಅವಸರ ಮಾಡಲಿಲ್ಲ. ಕೆರೆಯ ಅಂಚಿನಲ್ಲಿ ದೋಣಿಗೆ ಕಲ್ಲು ತುಂಬಿ ಮುಳುಗಿಸಿಬಿಟ್ಟ. ನೀರಿನ ಕೆಳಗೆ ಅದು ಸತ್ತ ಹಾಗೆ ಬಿದ್ದದ್ದನ್ನು ನಾನು ಮೇಲಿಂದ ಮೇಲೆ ಹೋಗಿ ನೋಡಿ ಬಂದೆ. ಮೂರು ದಿನ ಬಿಡ್ರಿ, ಮರ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ ಎಂದ. ಮೂರನೆಯ ದಿನ ಕಲ್ಲು ತೆಗೆದು ಡಬ್ಬಿಯಿಂದ ನೀರು ಚೆಲ್ಲಿದ. ದೋಣಿ ಎದ್ದು ತೇಲಿತು. ತಳದಲ್ಲಿ ನಾಲ್ಕು ಬೆರಳು ನೀರು ಕೂಡ ಇರಲಿಲ್ಲ. ನಾನು ಇಪ್ಪತ್ತೊಂದನೆಯ ಗೀಟು ಹೊಡೆದೆ.

ಆಮೇಲೆ ಅಲ್ಲಿನ ಮೇಸ್ತ್ರಿ ಬಂದ. ವಯಸ್ಸಾದವನು, ಒಳ್ಳೆಯವನೇ. ಕನ್ನಡಕ ಹಾಕಿಕೊಂಡು, ಮಂಜೂರಾಗಿ ಬಂದ ನನ್ನ ಅರ್ಜಿಯ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ ಒಂದೊಂದೇ ಸಾಮಾನು ನೋಡಿಕೊಂಡ. ದೋಣಿ ಒಂದು. ಹಗ್ಗ ಒಂದು. ಬಿದಿರ ಗಳ ಎರಡು. ಹುಟ್ಟು ಎರಡು.

"ಹುಟ್ಟು ಒಂದ ಐತಲ್ರಿ ಇಲ್ಲೆ," ಎಂದ.

ಇನ್ನೊಂದು ಕಾಕಾನ ಕೈಯಲ್ಲಿತ್ತು. ಮೇಸ್ತ್ರಿ ಕೈ ಚಾಚಿದ. ಕಾಕಾ ನನ್ನ ಕಡೆ ನೋಡಿ, ಕೊಟ್ಟ. ನೀರು ಚೆಲ್ಲುವ ತಗಡಿನ ಡಬ್ಬಿ ಒಂದು ಎಂದು ಮೇಸ್ತ್ರಿ ಕೊನೆಯ ಸಾಲು ಓದಿ ಕಾಗದ ಮಡಚಿ, ಎಲ್ಲಾ ಬರೋಬರಿ ಐತಿ, ನೀವಿನ್ನು ಹೋಗಬಹುದು ಎಂದ. ಇಬ್ಬರಿಗೂ ಸೇರಿಸಿ ಹೇಳಿದ. ಇವರು ದೋಣಿಯವರು, ಇಲ್ಲೇ ಇರುವವರು ಎಂದೆ ನಾನು. ಮೇಸ್ತ್ರಿ ಮತ್ತೆ ಕಾಗದ ಬಿಚ್ಚಿ, ಹಿಂದೆ ಮುಂದೆ ನೋಡಿ, ಇದರಲ್ಲಿ ಇಲ್ಲವಲ್ಲ ಎಂದ. ದೋಣಿ ನಡೆಸಲು ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ ಇದ್ದಾನೆ, ಬೇರೆ ಆಳಿನ ಹುಕುಂ ಬಂದಿಲ್ಲ ಎಂದ.

ನಾನು ಕಾಗದ ಇಸಿದುಕೊಂಡು ಓದಿದೆ. ನಿಜ, ಇರಲಿಲ್ಲ. ಮರೆತೆ ಎಂದರೆ ನೀವು ನಂಬುತ್ತೀರೋ ಇಲ್ಲವೋ. ದೋಣಿ ಎಂದು ಬರೆದಾಗ ಅವನು ಅದರಲ್ಲಿ ಕೂತೇ ಇದ್ದ, ನನ್ನ ಕಣ್ಣಿಗೆ. ಏಳು ವರ್ಷದ ಹುಡುಗನಾಗಿದ್ದಾಗಿನಿಂದ ಹಿಡಿದು ಅರ್ಜಿ ಬರೆದ ದಿನದ ತನಕ ಖಾಲಿ ದೋಣಿಯನ್ನು ನಾನು ನೋಡಿರಲೇ ಇಲ್ಲ. ಹುಟ್ಟನ್ನು ಬೇರೆ ಬರೆಯಬೇಕೆಂದು ತಿಳಿದವನಿಗೆ ಅವನನ್ನು ಬೇರೆ ಬರೆಯಬೇಕೆಂದು ತಿಳಿಯಲಿಲ್ಲ.

ಕಾಕಾ ಖಾಲಿಯಾದ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ, ಎಷ್ಟೋ ವರ್ಷದ ಮೇಲೆ, ಹಳೆಯ ಹೆಸರಿನಿಂದ ಕರೆದ.

"ಡಬ್ಬೀನೂ ಬರದೀಯಲ್ಲೋ ತಮ್ಮಾ."

ಬೈಯಲಿಲ್ಲ. ಅಕ್ಷರ ಚಂದ ಇದೆ ಎನ್ನುವವರ ಧ್ವನಿ ಅದು.

ಮರುದಿನವೇ ನಾನು ಎರಡನೆಯ ಅರ್ಜಿ ಬರೆದೆ. ಆಮೇಲೆ ಮೂರನೆಯದು, ನಾಲ್ಕನೆಯದು. ನದಿಯ ದೋಣಿ ನಿಂತ ದಿನವೇ ಅಂಬಿಗನ ಜಾಗವೂ ನಿಂತಿತು, ಮೊದಲ ಅರ್ಜಿಯಲ್ಲೇ ಕೇಳಿದ್ದರೆ ನೋಡಬಹುದಿತ್ತು, ಈಗ ಆಗುವುದಿಲ್ಲ ಎಂದು ಸಾಹೇಬರು ಸಮಾಧಾನವಾಗಿಯೇ ಹೇಳಿದರು. ಅವರ ಮೇಲೆ ಸಿಟ್ಟು ಮಾಡುವ ಅವಕಾಶವೂ ನನಗೆ ಸಿಗಲಿಲ್ಲ. ಖಾದರಸಾಬ ಕಾಕಾನನ್ನು ಸವಣೂರಿಗೆ ಕರೆದುಕೊಂಡು ಹೋಗಿ ತನ್ನ ಬೀಗರ ಎಲೆತೋಟದಲ್ಲಿ ಕೊಡದಿಂದ ನೀರು ಹಾಕುವ ಕೆಲಸಕ್ಕೆ ಹಚ್ಚಿದ. ಅಲ್ಲಿಗೆ ಒಮ್ಮೆ ಹೋಗಿದ್ದೆ. ಒಮ್ಮೆ ಮಾತ್ರ. ಬಳ್ಳಿಗಳ ನಡುವಿನ ನೆರಳಿನಲ್ಲಿ, ಎರಡು ಹೆಗಲಿಗೆ ಎರಡು ಕೊಡ, ಬೆನ್ನು ಬಾಗಿತ್ತು. ನೀರಿನ ಮೇಲೆ ಕೂತಿದ್ದವನ ಮೇಲೆ ನೀರು ಕೂತಿತ್ತು.

"ಹೆಂಗದೀ ಕಾಕಾ?"

"ಮುಳುಗಿದ್ರ ಹೇಳ್ತೇನಿ," ಎಂದು ನಕ್ಕ. ನಾನು ಸಣ್ಣವನಿದ್ದಾಗಿನ ಹಾಗೆಯೇ ಅದನ್ನು ನಂಬಿ ಬಸ್ಸು ಹತ್ತಿದೆ.

ಮುಂದಿನ ವರ್ಷ ಸಂತೆಯಲ್ಲಿ ಖಾದರಸಾಬ ಸಿಕ್ಕಾಗ, ಕಾಕಾ ತೀರಿಹೋಗಿ ಮೂರು ತಿಂಗಳಾಯಿತು, ಹಾಸಿಗೆ ಹಿಡಿದಾಗಲೇ ನಿಮಗೆ ತಿಳಿಸಲೇ ಎಂದು ಕೇಳಿದ್ದೆ, ಬೇಡ, ಆತನಿಗೆ ಮೊದಲೇ ಚಿಂತೆ ಜಾಸ್ತಿ ಅಂದಿದ್ದ ಎಂದು ಹೇಳಿದ. ದೋಣಿಯನ್ನೂ ಒಂದು ಸಲ ನೋಡಿದೆ. ಬೇಸಿಗೆಯಲ್ಲಿ ಕೆರೆಯ ದಂಡೆಗೆ ಮಗುಚಿ ಹಾಕಿದ್ದರು. ಹಲಗೆಗಳು ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದವು. ಮಳೆಗೆ ಮೊದಲು ಅದನ್ನು ಮುಳುಗಿಸಬೇಕೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಹೇಳಬಹುದಿತ್ತು. ಯಾವ ಮುಖದಿಂದ ಹೇಳಲಿ ಎಂದು ಚಿಂತಿಸುತ್ತ ನಿಂತೆ, ಬಸ್ಸಿನ ಹೊತ್ತಾಯಿತು.

ಹೊರಗೆ ಚೀಲಗಳು ಒಣಗಿವೆ. ಅಂಗಡಿಯವರು ಅವನ್ನು ಕೊಡವಿ ಒಳಗೆ ಒಯ್ಯುತ್ತಿದ್ದಾರೆ, ವಾಸನೆ ಕಡಿಮೆಯಾಗಿದೆ. ಕಾಗದ ಇನ್ನೂ ನನ್ನ ತೊಡೆಯ ಮೇಲಿದೆ. ಇಷ್ಟು ವರ್ಷ ನಾನು ಅದರ ಬೆನ್ನನ್ನೇ ಓದಿಕೊಂಡು ಬಂದಿದ್ದೆ, ಇಪ್ಪತ್ತೊಂದು ಚಿಂತೆ, ಇಪ್ಪತ್ತೊಂದು ಗೀಟು. ಇವತ್ತು ತಿರುವಿ ಅರ್ಜಿಯ ಮುಖ ನೋಡಿದೆ. ಹಗ್ಗ ಹರಿದಿರಲಿಲ್ಲ. ಗಾಲಿ ಹೂತಿರಲಿಲ್ಲ. ಹಾವು ಇರಲಿಲ್ಲ. ಸಾಹೇಬರ ಜೀಪು ಬರಲಿಲ್ಲ. ಪಟ್ಟಿ ಅಚ್ಚುಕಟ್ಟಾಗಿದೆ, ಅಕ್ಷರ ಈಗಿನದಕ್ಕಿಂತ ಚಂದ. ಕೊನೆಗೆ, ನೀರು ಚೆಲ್ಲುವ ತಗಡಿನ ಡಬ್ಬಿ ಒಂದು. ಅದರ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿತ್ತು. ಅಲ್ಲಿ ನಾನು ಸಹಿ ಮಾಡಿದ್ದೇನೆ.